ಕರೀನಾಳ ಬೇಸಿಗೆ ಪಯಣ

ಕ್ರಿಸ್‌ಮಸ್ ಮುಗಿದು ದ್ರಾಕ್ಷಿ ತೋಟಗಳ ಮೇಲೆ ಬಿಸಿಲು ಬೆಂಕಿಯಂತೆ ಸುರಿಯತೊಡಗಿದಾಗ, ಪ್ರತಿ ವರ್ಷ ನನ್ನ ಹೆಂಡತಿಯ ಅಕ್ಕ ಕರೀನಾಳ ಬಿಳಿ ಕಾರು ಆ್ಯಂಗಸ್ಟನ್ನಿನ ನಮ್ಮ ಅಂಗಳಕ್ಕೆ ಬಂದು ನಿಲ್ಲುತ್ತದೆ. ಆಲಿಸ್ ಸ್ಪ್ರಿಂಗ್ಸ್‌ನಿಂದ ಇಲ್ಲಿಯವರೆಗೂ ಮರುಭೂಮಿಯ ಕೆಂಪು ಧೂಳನ್ನು ಹೊತ್ತು ತಂದಿರುತ್ತದೆ. ನಾನು ಮೆಕ್ಯಾನಿಕ್. ಅವಳನ್ನು ಅಪ್ಪಿಕೊಳ್ಳುವುದಕ್ಕೆ ಮೊದಲು ಕಾರಿನ ಬಾನೆಟ್ ಎತ್ತಿ ನೋಡುವುದು ನನ್ನ ಅಭ್ಯಾಸ.

ಕರೀನಾ ಮದುವೆಯಾಗಲಿಲ್ಲ. ದೂರದ ಹಟ್ಟಿಗಳಿಂದ ಓದಲು ಬರುವ ಮೂಲನಿವಾಸಿ ಹೆಣ್ಣುಮಕ್ಕಳಿಗಾಗಿ ನಮ್ಮ ಚರ್ಚಿನ ಸಭೆಯವರು ಆಲಿಸ್‌ನಲ್ಲಿ ನಡೆಸುವ ಹಾಸ್ಟೆಲ್ಲಿನಲ್ಲಿ ಅವಳ ಅರ್ಧ ಆಯುಷ್ಯ ಕಳೆದಿದೆ. ಅವಳಿಗೆ ಸಂಬಳ ಬರುವುದು ಯಾವುದೋ ಕಚೇರಿಯಿಂದಲ್ಲ, ಅಲ್ಲೊಂದು ಚರ್ಚು ಇಲ್ಲೊಂದು ಮನೆ ಕೂಡಿಸಿ ಕೊಡುವುದರಿಂದ. ಹಾಗಾಗಿ ಶಾಲೆಗೆ ರಜೆ ಬಿಟ್ಟ ಕೂಡಲೇ ಹೊರಟು, ಕೊಟ್ಟವರ ಮನೆಮನೆಗೂ ಹೋಗಿ ಕೂತು, ವರ್ಷದ ಸುದ್ದಿ ಹೇಳಿ, ಅವರಿಟ್ಟದ್ದನ್ನು ತಿಂದು, ಪ್ರಾರ್ಥಿಸಿ ಬರಬೇಕು. ಅದು ಅವಳಿಗೆ ಹಬ್ಬ. ಎಲ್ಲ ಮನೆಯಲ್ಲೂ ಅವಳಿಗೊಂದು ಕುರ್ಚಿ ಇತ್ತು.

ಆ ವರ್ಷ ಮಾತ್ರ ಕಾರಿನಿಂದ ಇಳಿದವಳು ನೀರು ಕೂಡ ಕೇಳಲಿಲ್ಲ.

"ಟ್ಯಾಮ್ಸಿನ್ ಇಲ್ಲಿಗೂ ಬಂದಿದ್ಲಾ?"

"ಬಂದಿದ್ಲು, ಹೋದ ವಾರ," ಎಂದಳು ನನ್ನ ಹೆಂಡತಿ ಟ್ರೂಡಿ. "ನಿನ್ನ ಕೋಣೇಲೇ ಮಲಗಿಸಿದ್ವಿ. ಎಂಥ ಹುಡುಗಿ ಕಣೆ! ಜಾಮ್ ಮಾಡೋಕೆ ತಂದಿದ್ದ ಏಪ್ರಿಕಾಟ್ ಅಷ್ಟನ್ನೂ ಕೂತು ಬಿಡಿಸಿಕೊಟ್ಲು."

ಟ್ಯಾಮ್ಸಿನ್ ಹಾಸ್ಟೆಲ್ಲಿನ ಕೆಲಸಕ್ಕೆ ಹೊಸದಾಗಿ ಸೇರಿದವಳು. ಇಪ್ಪತ್ತೈದರ ಒಳಗಿನ ವಯಸ್ಸು, ನಕ್ಕರೆ ಮನೆಯೆಲ್ಲ ಕೇಳಿಸುವಂಥ ನಗು. ಅವಳೂ ತನ್ನ ಕೆಲಸಕ್ಕೆ ನೆರವು ಕೇಳುತ್ತ ಅದೇ ದಾರಿಯಲ್ಲಿ ಕರೀನಾಗಿಂತ ಒಂದು ವಾರ ಮೊದಲು ಹೊರಟಿದ್ದಳು. ಪೋರ್ಟ್ ಪಿರಿಯಲ್ಲಿ, ಕ್ಲೇರ್‌ನಲ್ಲಿ, ಕರೀನಾ ಕಾಲಿಟ್ಟ ಕಡೆಯೆಲ್ಲ ಅವಳ ಹೊಗಳಿಕೆ ಇನ್ನೂ ಬಿಸಿಬಿಸಿಯಾಗಿತ್ತು.

ಊಟಕ್ಕೆ ಕೂತೆವು. ತಣ್ಣನೆಯ ಮಾಂಸ, ಆಲೂಗಡ್ಡೆ ಸಲಾಡು, ನಮ್ಮ ಜೊತೆಗಿರುವ ಅತ್ತೆ, ಕರೀನಾಳ ಅಮ್ಮ, ಹಾಕಿದ ಸೌತೆಕಾಯಿ ಉಪ್ಪಿನಕಾಯಿ.

"ಆ ಹುಡುಗಿಗೆ ಇದನ್ನ ಹಾಕೋದು ಹೇಳಿಕೊಟ್ಟೆ," ಎಂದರು ಅತ್ತೆ.

ಕರೀನಾಳ ಫೋರ್ಕು ನಿಂತಿತು. "ನನಗೆ ಯಾವತ್ತೂ ಹೇಳಿಕೊಡ್ಲಿಲ್ಲ ನೀನು."

"ನೀನು ಯಾವತ್ತು ಕೇಳಿದೆ? ಬಂದ ದಿನದಿಂದ ಹೋಗೋ ದಿನದವರೆಗೂ ಫೋನು ನಿನ್ನ ಕಿವಿಗೇ ಅಂಟಿರುತ್ತೆ."

ಭಾನುವಾರ ಆರಾಧನೆ ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತಿದ್ದಾಗ ಮುದುಕ ಕ್ಲೆಮ್ ನೋವಾಕ್ ಬಂದು ಕರೀನಾಳ ಕೈ ಕುಲುಕಿದ. "ಹಾಸ್ಟೆಲ್ಲಲ್ಲಿ ಕರೆಂಟು ಹೋಗಿ, ಹುಡುಗೀರೆಲ್ಲ ಹಾಸಿಗೆ ಹೊತ್ಕೊಂಡು ಬಂದು ಅಂಗಳದಲ್ಲಿ ಹಾಡಿದ್ರಂತಲ್ಲ, ಆ ಕಥೆ ಹೇಳಿ ಟ್ಯಾಮ್ಸಿನ್ ನಮ್ಮನ್ನೆಲ್ಲ ಅಳಿಸಿಬಿಟ್ಲು ಮಾರಾಯ್ತಿ!"

ಕರೀನಾ ನಕ್ಕಳು. ಕಾರಿನ ಬಾಗಿಲು ಮುಚ್ಚಿಕೊಂಡ ಮೇಲೆ ನನ್ನ ಕಡೆ ತಿರುಗಿದಳು. "ಆ ಹುಡುಗೀರ ಜೊತೆ ಹಾಡಿದ್ದು ನಾನು. ಆಗ ಅವಳಿನ್ನೂ ಸ್ಕೂಲಿಗೆ ಹೋಗ್ತಿದ್ಲು!"

"ತಾನೇ ಹಾಡಿದೆ ಅಂತೇನೂ ಅವಳು ಹೇಳ್ಲಿಲ್ಲವಲ್ಲ," ಎಂದೆ.

"ನೀನು ಗಾಡಿ ಓಡಿಸು."

ಮರುದಿನ ಯುಡಂಡಾದಲ್ಲಿ ಶಿರ್ಮರ್ ದಂಪತಿಯ ಮನೆಗೆ ಒಬ್ಬಳೇ ಹೋದಳು. ಗೋಧಿ ಬೆಳೆಯುವವರು, ಕೈ ದೊಡ್ಡದು. ಟ್ಯಾಮ್ಸಿನ್‌ಗೂ ಕೊಡಬೇಕೆಂದಿದ್ದೇವೆ, ನೀನೇನನ್ನುತ್ತೀ ಎಂದು ಅವರು ಕೇಳಿದರಂತೆ. ಕರೀನಾ ಚಹಾ ಕಲಕುತ್ತ, "ಒಳ್ಳೆ ಹುಡುಗಿ. ಎಷ್ಟು ದಿನ ನಿಲ್ತಾಳೋ ಗೊತ್ತಿಲ್ಲ. ಬೆಳಿಗ್ಗೆ ಎದ್ದರೆ ಬಚ್ಚಲಲ್ಲಿ ಕೂತು ಅಳ್ತಿರ್ತಾಳೆ," ಎಂದಳಂತೆ.

ಮಾತು ಸುಳ್ಳಲ್ಲ. ಆದರೆ ಅವಳು ಮನೆ ಸೇರುವ ಮೊದಲೇ ಅದು ನಮ್ಮೂರು ಸೇರಿತ್ತು. ಶಿರ್ಮರ್‌ ಅವರು ಸದ್ಯಕ್ಕೆ ಕಾದು ನೋಡುತ್ತಾರಂತೆ ಎಂದು ಬೇಕರಿಯಲ್ಲಿ ಯಾರೋ ಟ್ರೂಡಿಗೆ ಹೇಳಿದರು.

ಟ್ರೂಡಿ ಕೈಯಲ್ಲಿದ್ದ ಬ್ರೆಡ್ಡನ್ನು ಮೇಜಿನ ಮೇಲೆ ಕುಕ್ಕಿದಳು. "ಗಂಡ ಇದ್ದೋರಿಗೆ ಸವತಿ ಮತ್ಸರ ಇರೋದು ಕೇಳಿದ್ದೆ. ದೇವರ ಕೆಲಸಕ್ಕೂ ಇರುತ್ತಾ?"

"ನಾನು ಕಂಡಿದ್ದು ಹೇಳಿದೆ ಅಷ್ಟೆ."

"ಮೊದಲ ವರ್ಷ ನೀನು ಅಲ್ಲಿಂದ ಫೋನ್ ಮಾಡಿ ಅತ್ತಿದ್ದನ್ನ ನಾನು ಯಾರಿಗೆ ಹೇಳಿದೀನಿ? ಹೇಳು, ಯಾರಿಗೆ?"

ಅವತ್ತು ರಾತ್ರಿ ಕರೀನಾ, ಟ್ಯಾಮ್ಸಿನ್ ಮಲಗಿದ್ದ ಆ ಕೋಣೆಯಲ್ಲಿ ಮಲಗಲು ಮನಸ್ಸಿಲ್ಲದೆ ವರಾಂಡದಲ್ಲಿ ಹಾಸಿಗೆ ಹಾಸಿಕೊಂಡಳು.

ಜನವರಿಯ ಕೊನೆಯಲ್ಲಿ ಅವಳು ಹಿಂದಿರುಗುವಾಗ ನಾನು ಪೋರ್ಟ್ ಆಗಸ್ಟಾದವರೆಗೂ ಜೊತೆಗೆ ಹೋದೆ. ರೇಡಿಯೇಟರ್ ಮೇಲೆ ನನಗೆ ನಂಬಿಕೆ ಇರಲಿಲ್ಲ. ಕೊಯ್ಲಾದ ಹೊಲಗಳನ್ನು ದಾಟಿದೆವು. ಆಮೇಲೆ ರಸ್ತೆ ನೋಡುತ್ತಲೇ ಶುರುಮಾಡಿದಳು.

"ಹುಡುಗೀರು ನನ್ನ ಏನಂತ ಕರೀತಾರೆ ಗೊತ್ತಾ? ಮಿಸ್. ಜ್ವರ ಬಂದಾಗ ಪಕ್ಕದಲ್ಲಿ ಕೂತಿದೀನಿ, ಹೇನು ತೆಗೆದಿದೀನಿ, ಪೊಲೀಸ್ ಸ್ಟೇಷನ್ನಿಂದ ಬಿಡಿಸಿಕೊಂಡು ಬಂದಿದೀನಿ. ಇವತ್ತಿಗೂ ಮಿಸ್. ಅವಳು ಬಂದ ಮೊದಲ ತಿಂಗಳಲ್ಲೇ ಆಂಟಿ ಆದಳು."

ನಾನು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ನೋಡುತ್ತ ಕೂತೆ.

ಪೋರ್ಟ್ ಆಗಸ್ಟಾದಲ್ಲಿ ಅವಳು ಪ್ರತಿವರ್ಷ ತಪ್ಪದೆ ಹೋಗುವ ಮನೆಯೊಂದಿತ್ತು. ಶನೆಲ್ ಹಾಸ್ಟೆಲ್ಲಿನಲ್ಲೇ ಬೆಳೆದ ಹುಡುಗಿ, ಓದಿನಲ್ಲಿ ಬಲು ಚುರುಕು. ಕೊನೆಯ ವರ್ಷ ಶಾಲೆ ಬಿಟ್ಟು, ಈಗ ಗಂಡನ ಕಡೆಯವರ ಜೊತೆ ಅಲ್ಲಿದ್ದಳು. ಮಗುವಾಗಿದೆ ಎಂದು ಕರೀನಾಗೆ ಯಾರೋ ಹೇಳಿದ್ದರು. ಟ್ರೂಡಿಯ ಜಾಮ್ ಬಾಟಲಿ, ಒಂದು ಪುಟ್ಟ ಟೋಪಿ ಹಿಡಿದು ಒಳಗೆ ಹೋದಳು, ಹಿಂದೆಯೇ ನಾನು.

"ಎಷ್ಟು ಮುದ್ದಾಗಿದೆ! ಹೆಸರೇನಿಟ್ಟೆ?"

ಶನೆಲ್ ಮಗುವಿನ ಬಾಯಿ ಒರೆಸಿದಳು. "ಟ್ಯಾಮ್ಸಿನ್, ಮಿಸ್."

ಕರೀನಾಳ ಕುತ್ತಿಗೆ ಕೆಂಪೇರುವುದನ್ನು ಕಂಡೆ.

"ದಿನ ತುಂಬೋ ಮೊದಲೇ ಹುಟ್ತು," ಎಂದಳು ಶನೆಲ್. "ಆಗ ನಾನು ಅಮ್ಮನ ಮನೇಲಿದ್ದೆ, ಆಲಿಸ್ ಆಸ್ಪತ್ರೆಗೆ ಸೇರಿಸಿದ್ರು. ಟ್ಯಾಮ್ಸಿನ್ ಆಂಟಿ ಅಲ್ಲೇ ಪರಿಚಯ ಆಗಿದ್ದು, ದಿನಾ ಬಂದು ಕೂರ್ತಿದ್ರು."

"ನಾನೂ ಅದೇ ಊರಲ್ಲಿದ್ದೆನಲ್ಲೇ! ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರ್ತಿದ್ರಿ, ಮಿಸ್. ಬಂದು, ಓದು ಯಾಕೆ ಬಿಟ್ಟೆ ಅಂತ ಕೇಳ್ತಿದ್ರಿ. ನಿಮಗೆ ಹೇಳ್ಬೇಡಿ ಅಂತ ಆಂಟಿ ಹತ್ರ ಮಾತು ತಗೊಂಡಿದ್ದೆ. ಪಾಪ, ಅವರಿಗೆ ಅದೇ ಕಷ್ಟ ಆಗ್ತಿತ್ತು."

ಕರೀನಾ ಖಂಡಿತ ಹಾಗೆ ಕೇಳುತ್ತಿದ್ದಳು, ಅದು ನಮ್ಮೆಲ್ಲರಿಗೂ ಗೊತ್ತಿತ್ತು. ಶನೆಲ್ ಎದ್ದು ಮಗುವನ್ನು ಅವಳ ತೋಳಿಗೆ ಕೊಟ್ಟು, "ಹಿಡ್ಕೊಳ್ಳಿ, ಕೆಟಲ್ ಇಟ್ಟು ಬರ್ತೀನಿ," ಎಂದು ಒಳಗೆ ಹೋದಳು. ಮಗು ಕರೀನಾಳ ಕನ್ನಡಕಕ್ಕೆ ಕೈ ಹಾಕಿತು. ಅವಳು ತಡೆಯಲಿಲ್ಲ. ಚಹಾ ಬಂತು, ಮಗುವಿನ ಹಲ್ಲು, ನಿದ್ದೆ, ಅಜ್ಜಿಯ ಮಂಡಿನೋವು ಎಲ್ಲ ಮಾತಾಡಿದರು. ಓದಿನ ಸುದ್ದಿ ಮಾತ್ರ ಬರಲಿಲ್ಲ. ಅದನ್ನು ನುಂಗಿಕೊಳ್ಳಲು ಅವಳಿಗೆ ಎಷ್ಟು ಕಷ್ಟವಾಯಿತು ಎಂಬುದಕ್ಕೆ ನಾನೇ ಸಾಕ್ಷಿ.

ಹೊರಗೆ ಬಂದು, ಮರದ ನೆರಳಲ್ಲಿ ನಿಂತು, ಶಿರ್ಮರ್‌ಗೆ ಫೋನ್ ಮಾಡಿದಳು. "ಟ್ಯಾಮ್ಸಿನ್ ಅಳ್ತಾಳೆ ಅಂದೆನಲ್ಲ, ಅದು ನಿಜ. ಆದ್ರೆ ನಾನು ಹೇಳಿದ್ದು ಹೊಟ್ಟೆಕಿಚ್ಚಿಗೆ. ಅವಳಿಗೆ ಕೊಡಿ."

ಫೋನಿನ ಸ್ಪೀಕರಿನಲ್ಲಿ ಮುದುಕ ಶಿರ್ಮರ್ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. "ನನಗೆ ಅವತ್ತೇ ಅನ್ನಿಸ್ತು ಕಣಮ್ಮ. ಅಣ್ಣನ ಹೊಲದ ಪಕ್ಕದಲ್ಲೇ ಜೀವಮಾನ ಉತ್ತಿದೀನಿ, ನನಗೆ ಆ ಕಿಚ್ಚು ಗೊತ್ತು. ಕೊಡೋಣ, ಬಿಡು. ಅವಳಿಗೂ ಹೇಳ್ತೀಯಾ?"

"ಹೇಳ್ಬೇಕು," ಎಂದಳು ಕರೀನಾ. ಅವಳ ದನಿ ಹಲ್ಲು ಕೀಳಿಸಿಕೊಳ್ಳಲು ಹೊರಟವಳಂತಿತ್ತು.

ನಾನು ಬಸ್ಸು ಹಿಡಿದು ಮನೆಗೆ ಬಂದೆ. ಅವಳು ಆಲಿಸ್ ಸೇರಿ, ಹೇಳಬೇಕಾದ್ದನ್ನು ಹೇಳಿದಳು. ಟ್ಯಾಮ್ಸಿನ್ ಕ್ಷಮಿಸಿಬಿಟ್ಟಳು ಎಂದೇನೂ ಇಲ್ಲ. ಮೊದಲ ಕೆಲವು ವಾರ ಉಪ್ಪು ಕೊಡಿ, ಬೀಗದಕೈ ಕೊಡಿ ಎನ್ನುವುದನ್ನು ಬಿಟ್ಟರೆ ಮಾತೇ ಆಡಲಿಲ್ಲವಂತೆ.

ಈಸ್ಟರ್ ಹಬ್ಬಕ್ಕೆ ಟ್ರೂಡಿ ಫೋನ್ ಮಾಡಿ, "ಈಗ ಹೇಗಿದೆ ನಿಮ್ಮಿಬ್ಬರದು?" ಎಂದಳು.

"ಹೇಗಿರುತ್ತೆ? ಹುಡುಗೀರು ಇವತ್ತಿಗೂ ಅವಳ ಹಿಂದೇನೇ. ಉರಿಯುತ್ತೆ ಕಣೆ, ಸುಳ್ಳು ಯಾಕೆ ಹೇಳ್ಲಿ. ಮೊನ್ನೆಯಿಂದ ಅವಳಿಗೆ ಜ್ವರ. ಸೂಪು ಒಲೆ ಮೇಲಿದೆ, ಉಕ್ತಾ ಇದೆ, ಫೋನ್ ಇಡು."