ಟ್ರೆಬಲ್ ಗುಂಡಿಗೆ ಕೆಂಪು ನೂಲು

ಶಂಭುಲಿಂಗ ಗಿಟಾರ್ ಎತ್ತಿಕೊಂಡರೆ ಸಾಕು, ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ಗಜೇಂದ್ರಗಡದಲ್ಲಿ ಹಗಲೆಲ್ಲ ಸೀರೆ ನೇಯ್ದು, ಮದುವೆ ಹಂಗಾಮಿನಲ್ಲಿ ನಮ್ಮ ಆರ್ಕೆಸ್ಟ್ರಾಕ್ಕೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಈ ಪುಣ್ಯಾತ್ಮನ ಕೈ ಬಲು ಚೊಕ್ಕ. ಆದರೆ ಎರಡು ವರ್ಷದಿಂದ ಅವನ ತಂತಿಯ ದನಿ ಸೂಜಿಯಾಗಿತ್ತು. ಕೀಬೋರ್ಡ್ ಹಿಡಿದು ಪಕ್ಕದಲ್ಲೇ ನಿಲ್ಲುವವನು ನಾನು. ಮೊದಲು ಚುಚ್ಚುವುದು ನನಗೇ. ನರಗುಂದದ ಒಂದು ಮದುವೆಯಲ್ಲಿ ಮುಂದಿನ ಸಾಲಿನ ಹೆಣ್ಣುಮಕ್ಕಳು ಸೆರಗಿನಿಂದ ಕಿವಿ ಮುಚ್ಚಿಕೊಂಡಾಗ ರೇಗಿಯೇಬಿಟ್ಟೆ.

ಅವನೇನೂ ಸುಮ್ಮನೆ ಕೂತವನಲ್ಲ. ತಂತಿ ಬದಲಿಸಿದ. ಪಿಕ್ ಬಿಟ್ಟು ಹೆಬ್ಬೆರಳಿನಿಂದ ಮೀಟಿದ. ಸ್ಪೀಕರಿನ ಬಾಯಿಗೆ ಚಾದರ ಮಡಚಿ ಕಟ್ಟಿದ. ಅಂತೂ ಮೆತ್ತಗಾಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವನ ಕೈ ಟ್ರೆಬಲ್ ಗುಂಡಿಗೆ ಹೋಗಿರುತ್ತಿತ್ತು. ದನಿಗೆ ಮೊನೆ ಕೊಡುವ ಗುಂಡಿ ಅದು. ತುದಿಯವರೆಗೆ ತಿರುವಿ, "ಈಗ ನೋಡು, ಈಗ ಬಿಚ್ಚಿ ಕೇಳಾಕತ್ತೈತಿ," ಅನ್ನುತ್ತಿದ್ದ. ಹಟಮಾರಿ ಎಂದು ನಾವೆಲ್ಲ ಬೈದುಕೊಳ್ಳುತ್ತಿದ್ದೆವು.

ಹೋದ ಶ್ರಾವಣದಲ್ಲಿ ಇಬ್ಬರೂ ಸೂಡಿಯಿಂದ ಬೈಕಿನ ಮೇಲೆ ಬರುತ್ತಿದ್ದೆವು. ಮುಸ್ಸಂಜೆ. ನೀರು ಕುಡಿಯಲೆಂದು ಗೋವಿನಜೋಳದ ಹೊಲದ ಬದಿಗೆ ಗಾಡಿ ನಿಲ್ಲಿಸಿದೆ. ಎಂಜಿನ್ ಬಂದ್ ಆದದ್ದೇ ತಡ, ಜೀರುಂಡೆಗಳ ಕೂಗು ನಾಲ್ಕೂ ಕಡೆಯಿಂದ ಮುತ್ತಿಕೊಂಡಿತು.

"ಎಷ್ಟು ಶಾಂತ ಐತಿ ನೋಡಪಾ," ಎಂದ ಶಂಭುಲಿಂಗ. "ನಾವು ಸಣ್ಣವರಿದ್ದಾಗ ಈ ಹೊತ್ತಿಗೆ ಜೀರುಂಡಿ ಹ್ಯಾಂಗ ಒದರತಿದ್ವು! ಈಗ ಒಂದೂ ಇಲ್ಲ. ಎಲ್ಲಾ ಹುಳದ ಎಣ್ಣಿ ಹೊಡದು ಸಾಯಿಸಿಬಿಟ್ರು."

ಚೇಷ್ಟೆ ಮಾಡುತ್ತಿದ್ದಾನೆಂದು ಮುಖ ನೋಡಿದೆ. ಚೇಷ್ಟೆಯಲ್ಲ.

"ಶಂಭು, ಒದರಾಕತ್ತಾವಲೇ. ಹೊಲದ ತುಂಬ ಒದರಾಕತ್ತಾವ."

ಅವನು ನಕ್ಕ. ನಾನು ನಗಲಿಲ್ಲ. ಆಗ ಕಿವಿಯ ಹಿಂದೆ ಅಂಗೈ ಹಿಡಿದು ಬದುವಿನ ಮೇಲೆ ನಿಂತ. ಆ ಕಡೆ ತಿರುಗಿದ, ಈ ಕಡೆ ತಿರುಗಿದ. ಬಹಳ ಹೊತ್ತು ನಿಂತ.

"ಹೆದರಿಸಬ್ಯಾಡಲೇ ಶಶಿ," ಎಂದ.

ದವಾಖಾನೆಯಲ್ಲಿ ಹೇಳಿದ್ದೂ ಅದನ್ನೇ. ಸಣ್ಣ, ಚೂಪು ಸದ್ದುಗಳು ಅವನ ಪಾಲಿಗೆ ಹೋಗಿವೆ, ಮರಳಿ ಬರುವುದಿಲ್ಲ, ಉಳಿದವೂ ಹೋಗಬಹುದು. ಮಗ್ಗದ ಗದ್ದಲದಿಂದಲೋ ಸ್ಟೇಜಿನ ಗದ್ದಲದಿಂದಲೋ, ಯಾರು ಹೇಳಬೇಕು? ಹೆಂಡತಿ ಅನ್ನಪೂರ್ಣಳಿಗೂ ಗೊತ್ತಾಗಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನೇಕಾರರ ಮನೆಯಲ್ಲಿ ಮಗ್ಗದ ಸಪ್ಪಳ ಮೀರಿಸಿ, ಎದುರಿಗೆ ನಿಂತು, ಕೂಗಿಯೇ ಮಾತಾಡುವುದು.

ಅಂದಿನಿಂದ ಅವನಿಗೆ ಅಂಜಿಕೆ ಹೊಕ್ಕಿತು. ಬೆಳಿಗ್ಗೆ ಎದ್ದವನೇ ಕಿವಿಯ ಹತ್ತಿರ ಬೆಂಕಿಪೊಟ್ಟಣ ಅಲ್ಲಾಡಿಸಿ ನೋಡುತ್ತಿದ್ದ. ಅನ್ನಪೂರ್ಣಳ ಕೈ ಹಿಡಿದು ಬಳೆ ಆಡಿಸುತ್ತಿದ್ದ. ರೋಣದ ಮದುವೆ ಕಾರ್ಯಕ್ರಮಕ್ಕೆ ಬರುವುದೇ ಇಲ್ಲವೆಂದು ಕೂತ. ಕಡೆಗೆ ಅವಳೇ ಜೊತೆಗೆ ಹೊರಟಳು.

ಜನ ಸೇರುವ ಮೊದಲು ಅವನನ್ನು ನುಡಿಸಲು ಹಚ್ಚಿ, ಖಾಲಿ ಕುರ್ಚಿಗಳ ನಡುವೆ ಹಿಂದೆ ಮುಂದೆ ಅಡ್ಡಾಡಿ ಕೇಳಿದಳು. ಬಂದು ಗುಂಡಿ ಇಳಿಸಿದಳು. ಮತ್ತೆ ಹೋಗಿ ಕೇಳಿದಳು, ಮತ್ತೆ ಇಳಿಸಿದಳು. ಸರಿ ಅನಿಸಿದಲ್ಲಿ ಅದು ತಿರುಗದಂತೆ ಸೀರೆ ಅಂಚಿನ ಕೆಂಪು ನೂಲು ಬಿಗಿದು ಕಟ್ಟಿದಳು.

"ಇದನ್ನ ಮುಟ್ಟಬ್ಯಾಡ್ರಿ."

"ನನಗ ಕಂಬಳಿ ಹೊದ್ದಕೊಂಡು ಕೇಳಿದಂಗ ಆಗತೈತಿ."

"ನಿಮಗ ಹಂಗ. ಮಂದಿಗೆ ಚಲೋ ಕೇಳತೈತ್ರಿ. ನನ್ನ ಕಿವಿ ನಂಬ್ರಿ."

ಆ ದಿನ ಸೂಜಿ ಹೋಗಿತ್ತು. ದನಿ ದುಂಡಗೆ, ತಂಪಾಗಿ ಬಂತು. ಮುಂದಿನ ಸಾಲಿನವರು ತಲೆದೂಗಿದರು. ಅವನೊಬ್ಬನೇ ಬೆವರುತ್ತಿದ್ದ. ಪ್ರತಿ ಹಾಡು ಮುಗಿದ ಮೇಲೂ ಅವಳ ಮುಖ ನೋಡುತ್ತಿದ್ದ. ಅವಳು ತಲೆಯಾಡಿಸಿದ ಮೇಲೆಯೇ ಮುಂದಿನ ಹಾಡು.

ಮುಗಿದ ಮೇಲೆ ಮೂವರೂ ಊಟಕ್ಕೆ ಕುಳಿತೆವು. ಅವನು ತುತ್ತು ಎತ್ತಲಿಲ್ಲ.

"ಗಿಟಾರಿಗೇನೋ ನೂಲ ಕಟ್ಟಿದಿ," ಎಂದ. "ನಾಳೆ ನಿನ್ನ ದನೀನೂ ಕೇಳದಂಗ ಆದ್ರ ಏನ್ ಮಾಡ್ಲಿ?"

ಅನ್ನಪೂರ್ಣ ಎಲೆಯ ಕಡೆ ತಲೆ ಬಗ್ಗಿಸಿದಳು. "ನನಗೂ ಅದೇ ಅಂಜಿಕಿ ಐತ್ರಿ," ಎಂದಳು ಮೆಲ್ಲಗೆ. ಪಕ್ಕದಲ್ಲಿದ್ದ ನನಗೆ ಕೇಳಿಸಿತು.

"ಏನಂದಿ?" ಎಂದ ಶಂಭುಲಿಂಗ.

ಅವಳು ಮುಖ ಎತ್ತಿ ಅವನ ಎದುರಿಗೆ ತಿರುಗಿದಳು. ಮನೆಯಲ್ಲಿ ಮಗ್ಗದ ಮುಂದೆ ಮಾತಾಡುವಂತೆ ಗಟ್ಟಿಯಾಗಿ ಹೇಳಿದಳು:

"ಉಣ್ರಿ, ಅನ್ನ ಆರತೈತಿ ಅಂದೆರಿ."