ಬೇಸ್‌ಬಾಲ್ ಚರಿತ್ರೆಯಲ್ಲಿ ನನ್ನ ಒಂದು ಏಟು

ಬೇಸ್‌ಬಾಲಿನ ಚರಿತ್ರೆ ಬರೆದವರು ಯಾರೂ ದುಬೈನ ಅಲ್ ಕುಸೈಸಿನ ಕಡೆ ತಲೆ ಹಾಕಿಯೂ ಮಲಗಿರಲಿಕ್ಕಿಲ್ಲ. ಹಾಗಾಗಿ ನನ್ನ ಹೆಸರು ಅದರಲ್ಲಿ ಸೇರಿಲ್ಲ. ಆ ಆಟವನ್ನು ನಾನು ಒಟ್ಟು ಒಂದೇ ದಿನ ಆಡಿದ್ದು, ಅವತ್ತು ಚೆಂಡು ಎಸೆದದ್ದೂ ಒಂದೇ ಸಲ. ಅದು ಹೋಗಿ ನಮ್ಮ ಮ್ಯಾನೇಜರರ ಬೆನ್ನಿಗೆ ಬಿತ್ತು. ಇಷ್ಟು ಸಣ್ಣ ಆಟದ ಬದುಕಿನಲ್ಲಿ ಇಷ್ಟು ದೊಡ್ಡ ಸಾಧನೆ ಮಾಡಿದವರು ಬೇರೆ ಯಾರಾದರೂ ಇದ್ದರೆ ನನಗೆ ಗೊತ್ತಿಲ್ಲ.

ಆಗ ನಾನು ಅಲ್ಲಿನ ಒಂದು ಸರಕು ಸಾಗಣೆ ಕಂಪನಿಯ ಡಾಕ್ಯುಮೆಂಟೇಶನ್ ವಿಭಾಗದಲ್ಲಿದ್ದೆ. ಕಂಟೇನರುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅವುಗಳ ಕಾಗದಪತ್ರ ಮಾತ್ರ ನಮ್ಮ ಮೇಜು ಬಿಟ್ಟು ಅಲುಗುತ್ತಿರಲಿಲ್ಲ. ಎರಡು ಸಾವಿರದ ಹತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ನಮಗೆ ಹೊಸ ಮ್ಯಾನೇಜರ್ ಬಂದರು. ಅಮೆರಿಕದವರು, ಐವತ್ತು ದಾಟಿದವರು, ಕಪಾಟಿನಷ್ಟು ಅಗಲ ಬೆನ್ನಿನವರು. ಬರುವಾಗ ಎರಡು ಸೂಟ್‌ಕೇಸು ಬಟ್ಟೆ ತಂದಿದ್ದರೆ ಒಂದು ದೊಡ್ಡ ಚೀಲ ತುಂಬ ಬೇಸ್‌ಬಾಲಿನ ಬ್ಯಾಟು, ಗವಸು, ಚೆಂಡು ತಂದಿದ್ದರು.

ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ನಾವು ಡಬ್ಬಿ ಬಿಚ್ಚಿದ ಕೂಡಲೇ ಅವರು ಕತೆ ಬಿಚ್ಚುತ್ತಿದ್ದರು. ಒಮ್ಮೆ ಒಬ್ಬ ಎಸೆದ ಚೆಂಡು ಅಡ್ಡ ಹಾರಿಬಂದ ಹಕ್ಕಿಗೆ ತಾಗಿ, ಮೈದಾನದಲ್ಲಿ ಪುಕ್ಕ ಮಾತ್ರ ಉಳಿಯಿತಂತೆ. ಇನ್ನೊಮ್ಮೆ ಕ್ಯಾಚ್ ಹಿಡಿಯಲು ಹೋದವನ ನೆತ್ತಿಗೆ ಚೆಂಡು ಬಡಿದು, ಪುಟಿದು, ಬೇಲಿ ಹಾರಿ ಹೋಯಿತಂತೆ. ಅವನ ತಲೆಯ ಕೃಪೆಯಿಂದ ಎದುರಾಳಿಗೆ ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ. ಒಬ್ಬ ತನ್ನ ನೂರನೆಯ ಹೋಮ್ ರನ್ ಹೊಡೆದ ಖುಷಿಗೆ ಮೈದಾನದ ನಾಲ್ಕು ಮೂಲೆಯ ಬೇಸುಗಳನ್ನೂ ಹಿಮ್ಮುಖವಾಗಿ ಓಡಿ ಸುತ್ತಿದನಂತೆ. ಮತ್ತೊಬ್ಬ ಸಿಪ್ಪೆ ಸುಲಿದ ಆಲೂಗಡ್ಡೆಯನ್ನು ಚೆಂಡೆಂದು ನಂಬಿಸಿ ದೂರ ಎಸೆದು, ಎದುರಾಳಿ ಧೈರ್ಯವಾಗಿ ಓಡಿ ಬಂದಾಗ ನಿಜವಾದ ಚೆಂಡನ್ನು ಅವನ ಮೈಗೆ ಮುಟ್ಟಿಸಿ ಔಟ್ ಮಾಡಿದನಂತೆ.

ಆಲೂಗಡ್ಡೆಯ ಕತೆ ಕೇಳಿದ ದಿನ ನಮ್ಮ ಗೋದಾಮಿನ ಸೂಪರ್‌ವೈಸರ್ ಊಟ ನಿಲ್ಲಿಸಿ ನನ್ನ ಮುಖ ನೋಡಿದರು. ಅವರು ಭಟ್ಕಳದವರು, ಮನೆಯಲ್ಲಿ ನವಾಯತಿ, ನನ್ನ ಹತ್ತಿರ ಕನ್ನಡ.

"ಬುರುಡೆ ಬಿಡ್ಲಿಕ್ಕೂ ಒಂದು ಲಿಮಿಟ್ ಉಂಟು ಮೇಡಂ," ಅಂದರು ಮೆಲ್ಲಗೆ.

"ಸುಮ್ಮನೆ ನಗಿ ಭಾಯ್," ಅಂದೆ ನಾನು. "ನನಗೆ ರಜೆ ಬೇಕು."

ರಜೆ ಬೇಕಾದದ್ದು ತಂಗಿಯ ಮದುವೆಗೆ. ಏಪ್ರಿಲ್ ಕೊನೆಯಲ್ಲಿ ಕುಂದಾಪುರದ ಹತ್ತಿರ ಮದುವೆ. ಇರುವುದು ನಾವಿಬ್ಬರೇ. ಅವಳ ನಿಶ್ಚಿತಾರ್ಥಕ್ಕೆ ನನಗೆ ಹೋಗಲಾಗಿರಲಿಲ್ಲ. ಫೋನಿಗೆ ಕಳಿಸಿದ ವಿಡಿಯೋ ನೋಡಿದೆ. ಚಿತ್ರ ತೆಗೆದ ಚಿಕ್ಕಪ್ಪ ಮುಕ್ಕಾಲು ಪಾಲು ಸೀಲಿಂಗ್ ಫ್ಯಾನಿನ ನಿಶ್ಚಿತಾರ್ಥ ತೆಗೆದಿದ್ದರು. ಫ್ಯಾನಿನ ಕೆಳಗೆ ಎಲ್ಲೋ ತಂಗಿಯ ನಗು ಕೇಳಿಸುತ್ತಿತ್ತು. ನಾನು ಸಿಂಕಿನ ಮುಂದೆ ನಿಂತು ಅತ್ತೆ. ಅವಳು ಮರುದಿನ ಫೋನ್ ಮಾಡಿ, "ಅಕ್ಕ, ಮದುವೆಗೂ ನೀನು ಬರದಿದ್ರೆ ನನ್ನ ಬೆವರು ಒರೆಸುದು ಯಾರು?" ಅಂದಳು. ಹಸೆಮಣೆಯ ಪಕ್ಕದಲ್ಲಿ ನಿಂತು ಸೆರಗು ಸರಿಮಾಡುವ, ಬೆವರು ಒರೆಸುವ ಕೆಲಸ ನನ್ನದೆಂದು ನಾವು ಚಿಕ್ಕಂದಿನಲ್ಲೇ ಹಂಚಿಕೊಂಡದ್ದು. ನನ್ನ ಮದುವೆಯಲ್ಲಿ ಅವಳು ಮಾಡಿದ್ದಳು.

ಚಿಕ್ಕಂದಿನಲ್ಲಿ ನಾವು ಮಾಡಿದ ಇನ್ನೊಂದು ದೊಡ್ಡ ಕೆಲಸ ಲಗೋರಿ ಆಡಿದ್ದು. ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಚೆಂಡು ಹೊಡೆದು ಬೀಳಿಸಿ, ಮತ್ತೆ ಪೇರಿಸುವುದರೊಳಗೆ ಎದುರಿನವರು ಅದೇ ಚೆಂಡಿನಿಂದ ನಮಗೆ ಹೊಡೆಯಬೇಕು. ತಾಗಿದರೆ ಔಟ್. ನನ್ನ ಗುರಿ ಕೇರಿಯಲ್ಲೇ ಪ್ರಸಿದ್ಧವಾಗಿತ್ತು. ಅದಕ್ಕೇ ನಮ್ಮ ಅಜ್ಜಿ, ಏನೇ ಹೊಡೆದರೂ ಮೊಣಕಾಲಿನ ಕೆಳಗೆ ಮಾತ್ರ ಎಂದು ಕಟ್ಟಪ್ಪಣೆ ಮಾಡಿದ್ದರು. ನನ್ನ ಚೆಂಡಿಗೆ ಹೆಚ್ಚು ಸಿಕ್ಕಿದವಳು ತಂಗಿ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಓಡುವುದರಲ್ಲಿ ಮಹಾ ಸೋಂಬೇರಿ.

ಮ್ಯಾನೇಜರರು ಫೆಬ್ರುವರಿಯ ಒಂದು ಶುಕ್ರವಾರ ಬೆಳಿಗ್ಗೆ ಆಫೀಸಿನವರಿಗೂ ಗೋದಾಮಿನವರಿಗೂ ಬೇಸ್‌ಬಾಲ್ ಪಂದ್ಯ ಇಟ್ಟರು. ನಾನು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ಆಟದ ಮೇಲಿನ ಪ್ರೀತಿಯಿಂದ ಅಲ್ಲ, ರಜೆಯ ಮೇಲಿನ ಪ್ರೀತಿಯಿಂದ. ಡಾಕ್ಯುಮೆಂಟೇಶನ್ನಿನವರನ್ನು ಗೋದಾಮಿನ ಲೆಕ್ಕಕ್ಕೆ ಸೇರಿಸಿದರು. ಆ ವಾರವಿಡೀ ಮ್ಯಾನೇಜರರು ಪ್ಯಾಂಟ್ರಿಯಲ್ಲಿ ಕಿತ್ತಳೆ ಹಣ್ಣು ಹಿಡಿದು ನಿಯಮ ಹೇಳಿಕೊಟ್ಟರು. ಓಡುವವನನ್ನು ಔಟ್ ಮಾಡಬೇಕಾದರೆ ಚೆಂಡು ಹಿಡಿದು ಅವನ ಮೈ ಮುಟ್ಟಬೇಕು, ಇಲ್ಲವೇ ಅವನು ಹೋಗಬೇಕಾದ ಬೇಸಿನಲ್ಲಿರುವ ನಮ್ಮವರಿಗೆ ಚೆಂಡು ಕೊಡಬೇಕು. ಅವನ ಮೈಗೆ ಎಸೆಯುವಂತಿಲ್ಲ. ಇದನ್ನು ಮೂರು ಸಲ ಹೇಳಿದರು. ಕಾಗದಪತ್ರದ ಕೆಲಸದವಳು ನಾನು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡೆ.

ಗುರುವಾರ ಮಧ್ಯಾಹ್ನ, ಅವರು ಒಳ್ಳೆಯ ಮೂಡಿನಲ್ಲಿದ್ದಾಗ, ಹತ್ತು ದಿನದ ರಜೆಯ ಅರ್ಜಿ ಹಿಡಿದು ಒಳಗೆ ಹೋದೆ. ಅವರು ಓದಿದರು, ತುಂಬ ಮರ್ಯಾದೆಯಿಂದ ನಕ್ಕರು. ಏಪ್ರಿಲ್‌ನಲ್ಲಿ ಹೊಸ ಸಾಫ್ಟ್‌ವೇರ್ ಹಾಕುತ್ತಾರೆ, ಯಾರಿಗೂ ರಜೆ ಇಲ್ಲ ಅಂದರು. ತಂಗಿಯ ಮದುವೆ, ಇರುವುದು ಒಬ್ಬಳೇ ತಂಗಿ ಅಂದೆ.

"ಆದರೆ ಮದುವೆ ನಿಮ್ಮದಲ್ಲವಲ್ಲ," ಅಂದರು.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರ ಊರಿನಲ್ಲಿ ತಂಗಿಯರು ಶನಿವಾರ ಮದುವೆಯಾಗುತ್ತಾರೆ, ಅಕ್ಕಂದಿರು ಭಾನುವಾರ ಮನೆಗೆ ಹೋಗುತ್ತಾರೆ. ಆದರೂ ನನಗೆ ಆ ಮಾತು ನೆತ್ತಿಗೇರಿತು. ಅವತ್ತು ಮನೆಗೆ ಹೋಗಿ ಮಾಡಿದ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಗಂಡ ಮೊಸರು ಬೆರೆಸಿಕೊಂಡು ಉಂಡರು.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಗೋದಾಮಿನ ಹಿಂದಿನ ಮರಳು ಜಾಗದಲ್ಲಿ ಸೇರಿದೆವು. ಜುಮಾ ನಮಾಜಿಗೆ ಹೋಗುವವರಿದ್ದರು, ಹನ್ನೊಂದರೊಳಗೆ ಮುಗಿಸಬೇಕಿತ್ತು. ರಟ್ಟಿನ ಪೆಟ್ಟಿಗೆ ಕತ್ತರಿಸಿ, ನಾಲ್ಕು ಮೂಲೆಗೆ ಹಾಕಿ, ಮೇಲೆ ಕಲ್ಲಿಟ್ಟು ಬೇಸು ಮಾಡಿದ್ದರು. ಚೆಂಡು ಕಲಿಯುವ ಮಕ್ಕಳಿಗೆಂದು ಮಾಡಿದ್ದು, ಸ್ವಲ್ಪ ಮೆತ್ತಗಿನದು. ಅದೊಂದು ನಮ್ಮ ಪುಣ್ಯ. ಮ್ಯಾನೇಜರರ ಪುಣ್ಯ ಅಂದರೆ ಇನ್ನೂ ಸರಿ.

ಕ್ರಿಕೆಟ್ ಕುಡಿದು ಬೆಳೆದ ಜನ ಬೇಸ್‌ಬಾಲ್ ಆಡಿದರೆ ಏನಾಗಬೇಕೋ ಅದೆಲ್ಲ ಆಯಿತು. ಭಾಯ್ ಮೊದಲ ಚೆಂಡನ್ನೇ ಚೆನ್ನಾಗಿ ಬಾರಿಸಿ, ಬ್ಯಾಟನ್ನು ಬಿಡದೆ ಹಿಡಿದುಕೊಂಡು ಓಡಿ, ಬೇಸಿನ ಮುಂದೆ ಅದನ್ನು ಮರಳಿಗೆ ಒತ್ತಿ ಜಾರಿಸಿ, ಅಲ್ಲಿಂದಲೇ ತಿರುಗಿ ಎರಡನೆಯ ರನ್ನಿಗೆ ವಾಪಸ್ಸು ಓಡಿ ಬಂದರು. ಮ್ಯಾನೇಜರರು ತಲೆಯ ಮೇಲೆ ಕೈ ಹೊತ್ತು ಕೂತರು. ನಮ್ಮ ಇನ್ನೊಬ್ಬರು ಚೆಂಡನ್ನು ಹಿಂದಕ್ಕೆ ನಾಜೂಕಾಗಿ ತಿರುಗಿಸಿ, ಅದು ಗೋಡೆಗೆ ತಾಗಿದಾಗ ನಾಲ್ಕು ರನ್ ಎಂದು ಕೈ ಬೀಸಿದರು. ಗವಸು ಕೊಟ್ಟರೆ ಅದನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಂಡು ಬರಿಗೈಯಲ್ಲಿ ಕ್ಯಾಚ್ ಹಿಡಿದವರೂ ಇದ್ದರು.

ಹೇಗೋ ಏನೋ ಹತ್ತೂವರೆಗೆ ಎರಡೂ ಕಡೆ ಒಂಬತ್ತೊಂಬತ್ತು ರನ್ ಆಗಿ ನಿಂತಿತು. ಆಫೀಸಿನವರ ಕೊನೆಯ ಸರದಿ. ಎರಡನೆಯ ಬೇಸಿನಲ್ಲಿ ಮ್ಯಾನೇಜರರೇ ಇದ್ದರು. ಅವರು ಸುತ್ತಿ ಬಂದು ಕೊನೆಯ ರಟ್ಟು ಮುಟ್ಟಿದರೆ ಅವರ ಕಡೆ ಗೆದ್ದಂತೆ. ನನ್ನನ್ನು ಮೂರನೆಯ ಬೇಸಿನ ಹಿಂದೆ, ಏನೂ ಬರಲಿಕ್ಕಿಲ್ಲ ಎಂಬ ಭರವಸೆಯ ಮೇಲೆ, ನಿಲ್ಲಿಸಿದ್ದರು. ಅಲ್ಲಿಗೇ ಬಂತು. ಚೆಂಡು ಉರುಳಿ ನನ್ನ ಕಾಲ ಬುಡಕ್ಕೆ ಬಂದು ನಿಂತಾಗ ಮ್ಯಾನೇಜರರು ನನ್ನ ಮುಂದೆಯೇ ಮೂರನೆಯ ಬೇಸು ದಾಟಿ ಧಡಧಡ ಓಡುತ್ತಿದ್ದರು. ಕೊನೆಯ ರಟ್ಟಿನ ಹತ್ತಿರ ನಿಂತ ಭಾಯ್ ಎರಡೂ ಕೈ ಚಾಚಿ, "ಇಲ್ಲಿ ಕೊಡಿ ಮೇಡಂ, ಇಲ್ಲಿ," ಅಂತ ಕೂಗಿದರು. ನಾನು ಎಸೆದೆ.

ಧಬ್ ಎಂದು ಶಬ್ದ ಬಂತು. ಮ್ಯಾನೇಜರರು ಕೊನೆಯ ರಟ್ಟಿಗೆ ನಾಲ್ಕು ಹೆಜ್ಜೆ ಇರುವಾಗಲೇ ಮಂಡಿಯೂರಿ ಮರಳಿನಲ್ಲಿ ಕೂತರು. ಭಾಯ್ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, "ಖಲಾಸ್ ಮೇಡಂ, ನಿಮ್ಮ ವೀಸಾ ಮುಗೀತು," ಅಂದರು.

ನಾನು ಓಡಿ ಹೋದೆ. ಬಾಯಿಗೆ ಬಂದದ್ದನ್ನು ಹೇಳಿದೆ: "ಸಾರಿ ಸರ್, ನಮ್ಮ ಊರಿನ ಆಟದಲ್ಲಿ ಹೀಗೇ ಔಟ್ ಮಾಡುವುದು. ಕೈ ತಪ್ಪಿತು." ಭಾಯ್ ಕೂಡಲೇ ನನ್ನ ರಕ್ಷಣೆಗೆ ಬಂದು, ಲಗೋರಿ ಎಂದರೇನೆಂದು ಮೂರು ಕಲ್ಲು ಪೇರಿಸಿ ತೋರಿಸಿದರು.

ಮ್ಯಾನೇಜರರು ಅದನ್ನು ನೋಡುತ್ತ ನೋಡುತ್ತ ಬೆನ್ನು ಮರೆತರು. ಒಂದೂವರೆ ಶತಮಾನಕ್ಕೂ ಹಿಂದೆ, ಬೇಸ್‌ಬಾಲ್ ಇನ್ನೂ ಹಳ್ಳಿಯ ಆಟವಾಗಿದ್ದಾಗ, ಅಲ್ಲೂ ಓಡುವವನ ಮೈಗೆ ಚೆಂಡು ಹೊಡೆದೇ ಔಟ್ ಮಾಡುತ್ತಿದ್ದರಂತೆ. ಆಮೇಲೆ ಆ ನಿಯಮ ತೆಗೆದರಂತೆ. ಅದನ್ನು ಪುಸ್ತಕದಲ್ಲಿ ಓದಿದ್ದೇನೆ, ಕಣ್ಣಿಂದ ನೋಡುವ ಯೋಗ ಬರುತ್ತದೆಂದು ಎಣಿಸಿರಲಿಲ್ಲ ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಎಷ್ಟು ಪಾಲು ಚರಿತ್ರೆಗೆ, ಎಷ್ಟು ಪಾಲು ನೋವಿಗೆ ಎಂದು ನಾನು ಕೇಳಲಿಲ್ಲ. ಈಗಿನ ನಿಯಮದ ಪ್ರಕಾರ ಅವರು ಎದ್ದು ಹೋಗಿ ರಟ್ಟು ಮುಟ್ಟಬಹುದಿತ್ತು. ಅವರ ಕಡೆಯವರು, "ಮುಟ್ಟಿ ಸರ್, ಯಲ್ಲಾ, ಬೇಗ," ಅಂತ ಬೇಡಿಕೊಂಡರು. ಅವರು ಹಳೆಯ ನಿಯಮದ ಪ್ರಕಾರ ತಾವೇ ಕೈ ಎತ್ತಿ ತಮ್ಮನ್ನು ಔಟ್ ಎಂದು ಸಾರಿದರು. ನಮಾಜಿಗೆ ಹೊರಡುವ ಹೊತ್ತಾಗಿತ್ತು, ಆಟ ಸಮ ಎಂದು ಮುಗಿಸಿದೆವು.

ಶುಕ್ರ, ಶನಿ ವಾರದ ರಜೆ ಕಳೆದು ಭಾನುವಾರ ಆಫೀಸಿಗೆ ಹೋದರೆ ಕಾರಿಡಾರಿನಲ್ಲೆಲ್ಲ ನೋವಿನ ಮುಲಾಮಿನ ವಾಸನೆ. ಮ್ಯಾನೇಜರರು ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತಿದ್ದರು, ಒರಗಲು ಆಗುತ್ತಿರಲಿಲ್ಲ. ಕಂಡು ನನಗೆ ನಿಜವಾಗಿ ನಾಚಿಕೆಯಾಯಿತು. ಅವರು ಅಷ್ಟರಲ್ಲಿ ಇಡೀ ಕಂಪನಿಗೆ ಲಗೋರಿಯ ಮೇಲೆ ಒಂದು ಉದ್ದನೆಯ ಇಮೇಲ್ ಕಳಿಸಿಬಿಟ್ಟಿದ್ದರು.

"ಇಷ್ಟು ಚೆನ್ನಾಗಿ ಎಸೆಯಲು ಯಾರ ಜೊತೆ ಆಡಿ ಕಲಿತಿರಿ?" ಎಂದು ಕೇಳಿದರು.

"ತಂಗಿಯ ಜೊತೆ."

"ಮದುವೆಯಾಗುತ್ತಿರುವ ತಂಗಿಯಾ?"

ಹೌದೆಂದೆ. ಅವರು ಮೇಜಿನ ಖಾನೆಯಿಂದ ನನ್ನ ಅರ್ಜಿ ತೆಗೆದು, ಹತ್ತು ಎಂಬುದನ್ನು ಹೊಡೆದು ಹಾಕಿ ಐದು ಎಂದು ಬರೆದು ಸಹಿ ಮಾಡಿದರು. ಅಷ್ಟೇ ಆಗುವುದು ಅಂದರು. ನಾನು ಆ ಕಾಗದ ಹಿಡಿದು ಲೇಡೀಸ್ ಟಾಯ್ಲೆಟ್ಟಿಗೆ ಹೋಗಿ ಸಾಕಷ್ಟು ಅತ್ತು ಬಂದೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ, ತಂಗಿ ಎರಡೂ ಕೈಗೆ ಮೆಹಂದಿ ಹಾಕಿಸಿಕೊಂಡು ಮಂಚದ ಮೇಲೆ ಕೂತಿದ್ದಾಗ, ನೆರೆದ ಚಿಕ್ಕಮ್ಮ ಅತ್ತೆಯರ ಮುಂದೆ ಈ ಕತೆಯನ್ನು ಮ್ಯಾನೇಜರರ ನಡಿಗೆಯ ಸಮೇತ ಅಭಿನಯಿಸಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ತಂಗಿ ನಗಲಿಲ್ಲ. ಅವರೆಲ್ಲ ಚಹಾಕ್ಕೆ ಎದ್ದು ಹೋಗುವವರೆಗೂ ಕಾದಳು.

"ಅಕ್ಕ, ಚೆಂಡು ಅವರಿಗೆ ಎಲ್ಲಿ ತಾಗಿದ್ದು?"

"ಬೆನ್ನಿಗೆ. ಹೇಳಿದೆ ಅಲ್ವಾ."

"ಬೆನ್ನಿಗೆ ಎಲ್ಲಿ?"

"ಎಡಗಡೆ, ಭುಜದ ಕೆಳಗೆ."

"ನನಗೂ ಅಲ್ಲೇ ತಾಗ್ತಿತ್ತು," ಅಂದಳು. "ಜಗಳ ಆದ ದಿನ ಮಾತ್ರ. ಬಾಕಿ ದಿನ ನೀನು ಕಾಲಿಗೇ ಹೊಡೀತಿದ್ದೆ. ಒಂದು ಸಲವೂ ನಿನ್ನ ಕೈ ತಪ್ಪಿದ್ದು ನನಗೆ ನೆನಪಿಲ್ಲ."

ಗೋದಾಮಿನವರು, ಆಫೀಸಿನವರು, ಚರಿತ್ರೆಯ ಪುಸ್ತಕ ಓದಿದ ಮ್ಯಾನೇಜರರು, ಯಾರೂ ಕಂಡುಹಿಡಿಯದ್ದನ್ನು ಅವಳ ಬೆನ್ನು ಕಂಡುಹಿಡಿದಿತ್ತು. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ಮದುವೆ ನಿಮ್ಮದಲ್ಲವಲ್ಲ ಅಂದ್ರು," ಅಂದೆ.

ಅವಳ ಕಣ್ಣು ತುಂಬಿತು. ಕೈಯಲ್ಲಿ ಮೆಹಂದಿ ಹಸಿ ಇತ್ತು, ಒರೆಸಿಕೊಳ್ಳುವ ಹಾಗಿರಲಿಲ್ಲ. ನಾನು ಸೆರಗಿನ ತುದಿಯಿಂದ ಅವಳ ಮುಖ ಒರೆಸಿದೆ. ನಾಳೆ ಮಾಡಬೇಕಾದ ಕೆಲಸ ಒಂದು ದಿನ ಮೊದಲೇ ಶುರುವಾಯಿತು.

"ಐದೇ ದಿನ ಕೊಟ್ಟದ್ದಾ?" ಅಂದಳು ಮೂಗು ಎಳೆದುಕೊಳ್ಳುತ್ತ.

"ಐದೇ."

"ಇನ್ನೂ ಸ್ವಲ್ಪ ಜೋರು ಹೊಡೀಬೇಕಿತ್ತು ಮಾರಾಯ್ತಿ."