ಗಂಗವ್ವನ ಜಗಲಿ ಮ್ಯಾಲಿನ ಬೆಳ್ಳಿ ರೆಕ್ಕಿ

ಜರಾ ಸನೇಕ ಬರ್ರಿ, ದನಿ ಏರಿಸಿ ಹೇಳೂ ಮಾತಲ್ಲ ಇದು. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ನಾನೂ ನಾಕೈದು ಮಂದಿಗಷ್ಟ ಹೇಳೀನಿ.

ಉಮರ್ಗಾದಿಂದ ನಿಲಂಗಾಕ್ಕ ಬರೂ ಬಸ್ಸಿನಾಗ ಪುಣೆದಂವ ಒಬ್ಬ ನನ್ನ ಬಾಜೂ ಕುಂತಿದ್ದ. ಹಳೇ ಕಾಲದ ಮಿಲಿಟರಿ ಪೈಲಟ್ಟರು ಎದಿ ಮ್ಯಾಲ ಹಚ್ಚಿಕೊಳ್ತಿದ್ದ ರೆಕ್ಕಿ ಬಿಲ್ಲೆ ಕೂಡಿಸೂದು, ಅವು ಯಾರವು ಅಂತ ಹುಡುಕೂದು, ಅದ ಅವನ ಹುಚ್ಚು. ಒಂದು ಫೋಟೋ ತೋರಿಸಿದ.

"ಇಂಥಾದು ನಮ್ಮ ಬಾಜೂ ಮನಿ ಗಂಗವ್ವನ ದೇವರ ಜಗಲಿ ಮ್ಯಾಲ ಅದ. ಆಕಿ ಮಾವ ಯುದ್ಧದಾಗ ವಿಮಾನ ಹಾರಿಸ್ಯಾನಂತ," ಅಂದೆ.

ಬಸ್ ಇಳದು ಕರಕೊಂಡು ಹೋದೆ. ಗಂಗವ್ವ 'ನಾವು ಪೈಲಟ್ಟನ ಮನಿತನದವ್ರು' ಅಂತ ಊರ ತುಂಬ ಮೆರದಾಕಿ. ಖುಷೀಲೆ ತಗದು ಕೊಟ್ಟಳು. ಅತ್ತಿ ಕಾಲದಿಂದ ದಿನಾ ವಿಭೂತಿ ಹಚ್ಚಿ ಹಚ್ಚಿ ಅದು ಹಿಂದ ಮುಂದ ಮೆತ್ತಿ ಹೋಗಿತ್ತು. ಅಂವಾ ಹಸಿ ಅರಬಿಲೆ ತಿಕ್ಕಿದ. ಹಿಂದ ಕೊರದ ಹೆಸರು ಕಾಣಿಸ್ತು. ಗಟ್ಟಿಯಾಗಿ ಓದಿದ. ಅದು ಮಾವನ ಹೆಸರಲ್ಲ.

ಅಂವಾ ತನ್ನ ವಹಿ ತಿರುವಿ ನೋಡಿ, "ಇಂವಾ ಹೈದರಾಬಾದಿನ ಪೈಲಟ್ ರೀ ಕಾಕು. ಮದಿವಿನೂ ಆಗಿದ್ದಿಲ್ಲ," ಅಂದ.

ಗಂಗವ್ವನ ಮಾರಿ ಸಣ್ಣದಾಯ್ತು. ನನಗ ತಡಿಲಿಲ್ಲ. "ಹಂಗಾದ್ರ ನಿಮ್ಮ ಅತ್ತಿ ಕೈಗೆ ಇದು ಹ್ಯಾಂಗ ಬಂತವಾ?" ಅಂತ ಕೇಳೇಬಿಟ್ಟೆ.

ಆಕಿ ರೆಕ್ಕಿ ಕಸಗೊಂಡು, ಮತ್ತ ವಿಭೂತಿ ಹಚ್ಚಿ ಜಗಲಿ ಮ್ಯಾಲಿಟ್ಟು, ನನ್ನ ಮಾರಿಗೇ ಅಂದಳು: "ನಮ್ಮ ಅತ್ತಿಗೆ ಎಲ್ಲಿಂದಲೋ ಹಾರಿ ಬಂದಂವ ಬೆಳ್ಳಿ ಕೊಟ್ಟು ಹೋಗ್ಯಾನ. ನಿನ್ನ ಗಂಡ ನಲವತ್ತು ವರ್ಷ ಒಂದ ಮನ್ಯಾಗಿದ್ದು ನಿನಗೊಂದು ಸೇಫ್ಟಿ ಪಿನ್ನರ ತಂದುಕೊಟ್ಟಾನೇನ?"